ಬೀಗ ಬಿದ್ದ ಚಾನೆಲ್

ತಮ್ಮ ಎಕೋ ತೀರಿಕೊಂಡ ಸುದ್ದಿ ಬಂದ ಮಂಗಳವಾರ ಸಂಜೆ, ಸಾವಿನ ಪ್ರಕಟಣೆಗಳ ಹೊತ್ತಿಗೆ ಅರಬಾ ಟೀವಿ ಹಾಕಿದಳು. ತಾನು ಕೊಟ್ಟ ಪ್ರಕಟಣೆಯಲ್ಲಿ ತಮ್ಮನ ಮುಖ ಬರಬೇಕಾದ ಪರದೆಯ ಮೇಲೆ ಬೀಗದ ಚಿತ್ರವಿತ್ತು. ನಿನ್ನೆಯವರೆಗೆ ಆಂಟೆನಾ ಇದ್ದವರಿಗೆಲ್ಲ ಪುಕ್ಕಟೆ ಬರುತ್ತಿದ್ದ ಚಾನೆಲ್ ಇಂದು ದುಡ್ಡು ಕಟ್ಟಿ ಹಾಕಿಸುವ ಕಾರ್ಡು ಕೇಳುತ್ತಿತ್ತು. ಘಾನಾದ ಕಡಲಂಚಿನ ಊರುಗಳಲ್ಲಿ ಚದುರಿದ್ದ, ಫೋನ್ ನಂಬರೂ ಗೊತ್ತಿಲ್ಲದ ಬಂಧುಗಳಿಗೆ ಸುದ್ದಿ ಮುಟ್ಟದಿದ್ದರೆ, ಶನಿವಾರ ಎಕೋನ ಶವಪೆಟ್ಟಿಗೆಗೆ ಹೆಗಲು ಕೊಡಲು ಸ್ವಂತದವರೇ ಇರುವುದಿಲ್ಲ.

"ಕಾರ್ಡು ಹಾಕ್ಸೋಣ ಅಕ್ಕಾ," ಎಂದ ಊರ ಕಾವಲು ದಳದ ಡೋಲಿನವನು ಫೀಫಿ.

"ನಾವು ಹಾಕ್ಸಿದ್ರೆ ನಮಗೆ ಕಾಣತ್ತೆ. ಅವರಿಗೆ ಕಾಣತ್ತೇನೋ? ಹೋಗು, ದೊಡ್ಡ ಡೋಲು ಬಾರಿಸು."

"ಈ ಕಾಲದಲ್ಲಿ ಡೋಲಾ? ನಗ್ತಾರಕ್ಕಾ."

"ನಗಲಿ ಬಿಡು. ನಗೋಕಾದ್ರೂ ಕೇಳಿಸ್ಕೋಬೇಕಲ್ಲ!"

ಮಂಗಳವಾರ ಕಡಲಿಗೆ ಬಿಡುವಿನ ದಿನ. ಊರೂರಿನ ಬೆಸ್ತರೂ ಡೋಲಿನವರೂ ದಡದಲ್ಲೇ ಇದ್ದರು. ಫೀಫಿಯ ಡೋಲು, ಊರೂರಿಗೂ ಗೊತ್ತಿರುವ ಬಡಿತದ ಭಾಷೆಯಲ್ಲಿ, ಸತ್ತವನ ಹೆಸರನ್ನೂ ಮಣ್ಣಿನ ದಿನವನ್ನೂ ನುಡಿದು ನಿಂತಿತು. ದಡದಲ್ಲಿ ನಿಂತು ಅರಬಾ ಆಲಿಸಿದಳು. ಅಲೆಗಳ ಸದ್ದು ಬಿಟ್ಟು ಬೇರೇನೂ ಇಲ್ಲ. ಆಮೇಲೆ ಪಕ್ಕದ ಊರಿನ ಡೋಲು ಓಗೊಟ್ಟಿತು. ಅದರಾಚೆ ಇನ್ನೊಂದು, ಅದರಾಚೆ ಕಿವಿಗೊಟ್ಟರೆ ಮಾತ್ರ ಕೇಳುವಷ್ಟು ದೂರದಲ್ಲಿ ಮತ್ತೊಂದು.

"ಬರ್ತಾರಕ್ಕಾ! ಎಲ್ಲರೂ ಬರ್ತಾರೆ!" ಫೀಫಿ ಮರಳಿನ ಮೇಲೆ ಕುಣಿದೇಬಿಟ್ಟ.

ಅರಬಾ ಕಣ್ಣೊರೆಸಿಕೊಂಡು ನಕ್ಕಳು, ಮೊಣಕಾಲೂರಿದಳು. "ಪರಲೋಕದ ತಂದೆಯೇ, ಇಷ್ಟು ಜನ ಹೊತ್ತು ತರುವ ನನ್ನ ತಮ್ಮನನ್ನು ನಿನ್ನ ಮಡಿಲಲ್ಲಿ ನೆಮ್ಮದಿಯಾಗಿ ಮಲಗಿಸು."