ಮುಚ್ಚಳದ ಮೇಲೆ ಬರೆದದ್ದು

"ಅಕ್ಕಾ, ಒಂದು ಮಾತು ಹೇಳ್ಬೇಕು. ಬೈಬಾರ್ದು."

ಬಾಗಿಲಲ್ಲಿ ನಿಂತವಳು ಕಾಲೇಜಿನ ಹುಡುಗಿ. ಬೇಸಿಗೆ ರಜೆಯ ಎಂಟು ವಾರ ಈ ಪ್ರಯೋಗಾಲಯದಲ್ಲಿ ಕೆಲಸ ಕಲಿಯಲು ಬಂದಿದ್ದಳು. ಎಲ್ಲರ ಬಾಯಲ್ಲೂ ಅವಳು 'ರಜೆ ಹುಡುಗಿ'. ನಾಳೆ ಶುಕ್ರವಾರ ಅವಳ ಕೊನೆಯ ದಿನ. ಅವಳಿಗೆ ಕೆಲಸ ಕಲಿಸಿದ ಅಕ್ಕ, ತೊಳೆದಿಟ್ಟ ಬೀಕರುಗಳನ್ನೇ ಎರಡನೆಯ ಸಲ ತೊಳೆಯುತ್ತಿದ್ದಳು. ಸೋಮವಾರದಿಂದ ಅಕ್ಕನದು ಇದೇ ಪಾಡು. ಕೂತಲ್ಲಿ ಕೂರಳು, ನಿಂತಲ್ಲಿ ನಿಲ್ಲಳು. "ಕಾಲು ಸುಟ್ಟ ಬೆಕ್ಕಿನ ಹಾಗೆ ಆಡ್ತೀಯಲ್ಲೇ! ಸಂತೋಷ ಜಾಸ್ತಿಯಾದ್ರೂ ಹೀಗೇ" ಎಂದು ಪ್ರಯೋಗಾಲಯದ ಮುಖ್ಯಸ್ಥೆ ಮೇಡಂ ನಕ್ಕಿದ್ದರು.

ಸಂತೋಷಪಡುವಂಥದ್ದೇ ನಡೆದಿತ್ತು. ಕ್ಯಾನ್ಸರ್ ಔಷಧಿ ಹೊತ್ತ ನ್ಯಾನೋಕಣಗಳಿಗೆ ಒಂದು ತೆಳ್ಳನೆಯ ಹೊದಿಕೆ ಹಾಕುವುದು ಅಕ್ಕನ ಐದು ವರ್ಷದ ಕೆಲಸ. "ಕಣ್ಣಿಗೆ ಕಾಣದ್ದಕ್ಕೆ ಅಂಗಿ ಹೊಲಿಯೋದೂ ಒಂದು ಕೆಲಸಾನಾ?" ಎಂದು ಅವಳ ಅಮ್ಮ ಈಗಲೂ ಫೋನಿನಲ್ಲಿ ಕೇಳುತ್ತಾಳೆ. ಹೊದಿಕೆಯಿದ್ದರೆ ಔಷಧಿ ರೋಗದ ಕೋಶದೊಳಗೆ ಸಲೀಸಾಗಿ ಇಳಿಯುತ್ತದೆ ಎಂಬುದು ಲೆಕ್ಕಾಚಾರ. ಐದು ವರ್ಷವೂ ಹೊಳೆಯಲ್ಲಿ ಹುಣಸೆಹಣ್ಣು ತೊಳೆದಂತಾಗಿತ್ತು. ಈ ಸೋಮವಾರ ಮಾತ್ರ, ರಜೆ ಹುಡುಗಿ ಕ್ಯಾನ್ಸರ್ ಕೋಶ ಬೆಳೆಸಿದ್ದ, ಮುಚ್ಚಳವಿರುವ ಅಂಗೈಯಗಲದ ಎರಡು ಡಿಶ್‌ಗಳ ಪೈಕಿ 'ಹೊದಿಕೆ' ಎಂದು ಬರೆದದ್ದರಲ್ಲಿ ಕೋಶಗಳೆಲ್ಲ ಸತ್ತು ತೇಲುತ್ತಿದ್ದವು. 'ಬರೀ ಕಣ' ಎಂದಿದ್ದರಲ್ಲಿ ತಳಕ್ಕೆ ಅಂಟಿಕೊಂಡು ಹಾಯಾಗಿದ್ದವು. ಮೇಡಂ ಅವತ್ತೇ ಸಮ್ಮೇಳನಕ್ಕೆ ಸಾರಾಂಶ ಬರೆದರು. ಇವತ್ತು ಸಂಜೆ ಐದಕ್ಕೆ ಅದು ಹೋಗಬೇಕು. ಹೋದರೆ ಅಕ್ಕನ ಕೆಲಸ ಇನ್ನೆರಡು ವರ್ಷ ಉಳಿಯುತ್ತದೆ. ಇಲ್ಲದಿದ್ದರೆ ಈ ತಿಂಗಳಿಗೇ ಮುಗಿಯಿತು.

"ಹೇಳು" ಎಂದಳು ಅಕ್ಕ, ನಲ್ಲಿ ನಿಲ್ಲಿಸದೆ.

"ಡಿಶ್ ಮೇಲೆ ಹೆಸರು ಬರೀವಾಗ ನಾನು ಮುಚ್ಚಳಕ್ಕೆ ಬರೆದುಬಿಟ್ಟಿದ್ದೆ. ಕಣ ಹಾಕಿದ ಮಾರನೇ ದಿನ, ಶನಿವಾರ, ಒಳಗಿನ ದ್ರಾವಣ ಬದಲಾಯಿಸೋಕೆ ಎರಡೂ ಮುಚ್ಚಳ ಒಟ್ಟಿಗೇ ತೆಗೆದಿಟ್ಟೆ. ತಿರುಗಿ ಮುಚ್ಚೋವಾಗ..." ಹುಡುಗಿ ಎರಡೂ ಅಂಗೈ ಮಗುಚಿ ತೋರಿಸಿದಳು. "ಸರಿಯಾಗೇ ಮುಚ್ಚಿರ್ತೀನಿ ಅನ್ಸುತ್ತೆ. ಆದ್ರೆ ಆಣೆ ಮಾಡು ಅಂದ್ರೆ ಆಗಲ್ಲ ಅಕ್ಕಾ."

ಅಕ್ಕ ನಲ್ಲಿ ನಿಲ್ಲಿಸಿದಳು. 'ಮುಚ್ಚಳ ಊರೆಲ್ಲ ತಿರುಗುತ್ತೆ, ತಳ ಎಲ್ಲೂ ಹೋಗಲ್ಲ. ಬರೆಯೋದು ತಳಕ್ಕೆ' ಎಂದು ಮೊದಲ ದಿನವೇ ಹೇಳಿಕೊಟ್ಟಿದ್ದಳು. ಮುಚ್ಚಳ ಅದಲುಬದಲಾಗಿದ್ದರೆ, ಕೋಶ ಕೊಂದದ್ದು ಬರೀ ಕಣ; ಔಷಧಿಯ ಕೈ ಕಟ್ಟಿಹಾಕಿದ್ದು ಅವಳು ಹೊಲಿದ ಅಂಗಿಯೇ.

"ಸೋಮವಾರವೇ ಹೇಳ್ಬೇಕಿತ್ತು. ಮೂರು ದಿನದಲ್ಲಿ ಮತ್ತೆ ಮಾಡಿ ನೋಡಿದ್ರೆ ಇಷ್ಟೊತ್ತಿಗೆ ಗೊತ್ತಾಗ್ತಿತ್ತು. ಎಲ್ಲರೂ ಅಷ್ಟು ಖುಷಿಯಲ್ಲಿದ್ರಿ, ಬಾಯೇ ಬರ್ಲಿಲ್ಲ ನಂಗೆ. ಊಟ ಸೇರ್ತಿಲ್ಲ." ಕಣ್ಣೊರೆಸಿಕೊಂಡು ಹುಡುಗಿ ಕೇಳಿದಳು, "ನೀವೂ ಗಮನಿಸಿರ್ಲಿಲ್ಲ, ಅಲ್ವಾ?"

"ಇಲ್ಲ" ಎಂದಳು ಅಕ್ಕ.

ಅಷ್ಟು ಸಲೀಸಾಗಿ ಬಂತು ಆ ಮಾತು. ಅವರ ಸೂಕ್ಷ್ಮದರ್ಶಕದ ಮಸೂರ ಇರುವುದು ಕೆಳಗೆ. ತಳದಿಂದಲೇ ಒಳಗೆ ನೋಡುತ್ತದೆ. ಸೋಮವಾರ ಡಿಶ್‌ಗಳನ್ನು ಅದರ ಮೇಲಿಡುವ ಮೊದಲು, ಕೈಗೆ ಅಭ್ಯಾಸವಾದ ಹಾಗೆ ಅಕ್ಕ ಎರಡನ್ನೂ ಎತ್ತಿ ತಳ ನೋಡಿದ್ದಳು. ಎರಡರಲ್ಲೂ ಹೆಸರಿಲ್ಲ. ಹುಡುಗಿಯನ್ನು ಕರೆದು ಕೇಳಬೇಕೆಂದುಕೊಂಡೇ ಕಣ್ಣನ್ನು ಮಸೂರಕ್ಕೆ ಕೊಟ್ಟಳು. ಸತ್ತು ತೇಲುವ ಕೋಶಗಳನ್ನು ಕಂಡಳು. ಕರೆಯಲಿಲ್ಲ. ಊಟವಾದ ಮೇಲೆ ಕೇಳೋಣ, ಬೆಳಗ್ಗೆ ಕೇಳೋಣ ಎನ್ನುತ್ತ ಮೂರು ದಿನ ಬೀಕರು ತೊಳೆದಳು. ಶುಕ್ರವಾರ ಕಳೆದರೆ ಕೇಳಲು ಹುಡುಗಿಯೇ ಇಲ್ಲಿರುವುದಿಲ್ಲ ಎಂಬುದು ನಿನ್ನೆ ಹೊಳೆದಾಗ, ಎದೆ ಒಂದು ಗಳಿಗೆ ಹಗುರಾಗಿತ್ತು. ಆ ಹಗುರವನ್ನು ನೆನೆದು ಈಗ ಕೈಯಲ್ಲಿದ್ದ ಬೀಕರನ್ನು ಕೆಳಗಿಟ್ಟಳು.

"ನಡಿ" ಎಂದು ಎರಡೂ ಡಿಶ್ ಕೈಗೆತ್ತಿಕೊಂಡಳು. ಓಣಿಯಲ್ಲಿ ಅವಳ ಹೆಜ್ಜೆಗೆ ಹೆಜ್ಜೆ ಹಾಕಲು ಹುಡುಗಿ ಓಡಬೇಕಾಯಿತು.

ಹುಡುಗಿ ಹೇಳಿದ್ದೆಲ್ಲ ಕೇಳಿಸಿಕೊಂಡ ಮೇಡಂ ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. "ಮೂರು ದಿನ ಬಾಯಿಗೆ ಬೀಗ ಹಾಕ್ಕೊಂಡಿದ್ಯಾ ಮಾರಾಯ್ತಿ?"

"ತಪ್ಪಾಯ್ತು ಮೇಡಂ."

ಗಡಿಯಾರ ಮೂರೂಮುಕ್ಕಾಲು ತೋರಿಸುತ್ತಿತ್ತು. ಮೇಡಂ ಪರದೆಯ ಮೇಲಿದ್ದ ಸಾರಾಂಶವನ್ನು ಒಂದು ಸಲ ಮೇಲಿನಿಂದ ಕೆಳಗೆ ಓದಿದರು. ಆಮೇಲೆ ಅಳಿಸಿದರು. ಕುರ್ಚಿ ತಿರುಗಿಸಿ ಅಕ್ಕನ ಮುಖ ನೋಡಿದಾಗ ಅವರ ದನಿ ಮೆತ್ತಗಾಗಿತ್ತು.

"ನಿನ್ನ ಕೆಲಸದ ವಿಷಯ ಮೇಲಿನವರ ಹತ್ರ ಮಾತಾಡ್ತೀನಿ. ಆಗುತ್ತೋ ಇಲ್ವೋ, ಮಾತು ಕೊಡಲ್ಲ. ಆದ್ರೆ ಒಂದು ಹೇಳ್ತೀನಿ, ನಿನ್ನ ಜಾಗದಲ್ಲಿ ಬೇರೆ ಯಾರೇ ಇದ್ದಿದ್ರೂ ಈ ಹುಡುಗೀನ ಇಲ್ಲಿಗೆ ಕರ್ಕೊಂಡು ಬರ್ತಿರ್ಲಿಲ್ಲ." ಹುಡುಗಿಯ ಕಡೆ ತಿರುಗಿದರು. "ನೋಡಿ ಕಲ್ತ್ಕೋ. ಕೆಲಸ ಇವತ್ತಲ್ಲ ನಾಳೆ ಕಲೀಬಹುದು. ಇದನ್ನ ಕಲಿ."

"ಅಕ್ಕ ಒಂದು ಮಾತೂ ಬೈಲಿಲ್ಲ ಮೇಡಂ. ಪಾಪ, ಅವರಿಗೇನೂ ಗೊತ್ತಿರ್ಲಿಲ್ಲ" ಎಂದಳು ಹುಡುಗಿ. ಮೂರು ದಿನದಲ್ಲಿ ಮೊದಲ ಸಲ ಅವಳ ಮುಖ ಅರಳಿತ್ತು.

ಅಕ್ಕ ಬಾಯಿ ತೆರೆದಳು. ಇಬ್ಬರೂ ಕಾದರು. ಅವಳ ಕೈಯಲ್ಲಿದ್ದ ಡಿಶ್‌ನ ತಳವನ್ನು, ಏನೂ ಬರೆದಿರದ ಆ ತಳವನ್ನು, ಹೆಬ್ಬೆರಳು ತನ್ನಷ್ಟಕ್ಕೆ ತಾನೇ ಒರೆಸುತ್ತಲೇ ಇತ್ತು.