ಮೊದಲೇ ಕಟ್ಟಿದ ಟಿಪ್ಸು

ಬಾಗಿಲು ಹಾಕಿಕೊಂಡು ಒಬ್ಬಳೇ ಕೂರುವಂಥ ಜಾಗ ಆ ಪ್ರವಾಸಿ ಹಡಗಿನಲ್ಲಿ ಕೋಣೆ ಗುಡಿಸುವ ಅವಳಿಗೆ ಎಲ್ಲೂ ಇರಲಿಲ್ಲ. ಇದ್ದಿದ್ದರೆ, ಮೂಲೆ ಕೋಣೆಯ ಮನುಷ್ಯ ಬೆಳಗಿನಿಂದ ಮೂರನೇ ಸಲ ಕಾರಿಡಾರಿಗೆ ಬಂದಾಗ ಒಳಗೆ ಹೋಗಿ ಚಿಲಕ ಹಾಕಿಕೊಳ್ಳುತ್ತಿದ್ದಳು. ಈಗ ಟವೆಲ್ಲು, ಬೆಡ್‌ಶೀಟಿನ ತಳ್ಳುಗಾಡಿಯ ಹಿಂದೆ ನಿಂತು ಟವೆಲ್ ಮಡಿಸತೊಡಗಿದಳು. ಮಡಿಸಿದ್ದನ್ನೇ ಬಿಚ್ಚಿ ಮತ್ತೆ ಮಡಿಸಿದಳು.

"ನಿಮ್ಮ ಹತ್ರ ಒಂದೈದು ನಿಮಿಷ ಮಾತಾಡಬೇಕಿತ್ತು," ಎಂದ ಆತ.

"ಟವೆಲ್ ಬೇಕಿತ್ತಾ ಸಾರ್?"

"ಟವೆಲ್ ಅಲ್ಲ. ಮತ್ತೆ, ನಂಗೆ ಈ ಸಾರು ಗೀರು ಎಲ್ಲ ಬೇಡ ಬಿಡಿ."

"ಕೆಲಸ ಇದೆ ಸಾರ್." ಗಾಡಿ ತಳ್ಳಿದಳು. ಚಕ್ರ ಅವನ ಪಾದದ ಮೇಲೇ ಹತ್ತಿ ಇಳಿಯಿತು. ಅವನು ನಕ್ಕ. ಅದು ಅವಳಿಗೆ ಸರಿಬರಲಿಲ್ಲ. ದುಡ್ಡು ಕೊಟ್ಟು ಹಡಗು ಹತ್ತಿದವರು ಅಂಥದ್ದಕ್ಕೆ ನಗುವುದಿಲ್ಲ.

ಅರವತ್ತರ ಆಸುಪಾಸಿನ ಒಂಟಿ ಗಂಡಸು. ಹಡಗು ಹತ್ತಿದ ದಿನವೇ ಮೇಲಿನ ಬಾಲ್ಕನಿ ಕೋಣೆಯನ್ನು ಬಿಟ್ಟುಕೊಟ್ಟು, ಅವಳ ಪಾಲಿನ ಸಾಲಿನಲ್ಲಿದ್ದ ಕಿಟಕಿಯೂ ಇಲ್ಲದ ಮೂಲೆ ಕೋಣೆಯನ್ನು ಕೇಳಿ ಹಾಕಿಸಿಕೊಂಡಿದ್ದ. ಕೆಲಸದವರ ಟಿಪ್ಸನ್ನು ಟಿಕೆಟಿನ ಜೊತೆಗೇ ಕಟ್ಟಿದ್ದ. ಹಾಗೆ ಕಟ್ಟುವವರು ಇರುತ್ತಾರೆ. ಆ ದುಡ್ಡು ಒಟ್ಟಿಗೆ ಸೇರಿ ಎಲ್ಲರಿಗೂ ಹಂಚಿಹೋಗುತ್ತದೆ. ಉಳಿದವರು ಇಳಿಯುವ ದಿನ ಕವರಿನಲ್ಲಿ ಹಾಕಿ ಕೈಗೆ ಕೊಡುತ್ತಾರೆ. ಮೊದಲೇ ಕಟ್ಟಿದವರು ಸಾಮಾನ್ಯವಾಗಿ ಕೋಣೆ ಗುಡಿಸುವವಳ ಮುಖ ಕೂಡ ನೋಡುವುದಿಲ್ಲ. ಈತ ಮುಖ ಬಿಟ್ಟು ಬೇರೇನನ್ನೂ ನೋಡುತ್ತಿರಲಿಲ್ಲ.

ಹಾಸಿಗೆಯನ್ನು ತಾನೇ ಸರಿಮಾಡಿ, ಕುಡಿದ ಲೋಟವನ್ನು ತಾನೇ ತೊಳೆದು, ಅವಳು ಬರುವ ಹೊತ್ತಿಗೆ ಕುರ್ಚಿ ಎಳೆದಿಟ್ಟು ಕಾಯುತ್ತಿದ್ದ. "ಕೂತ್ಕೊಳ್ಳಿ" ಎನ್ನುತ್ತಿದ್ದ. ಬಚ್ಚಲಿಗೆ ಕೈ ಹಾಕಲು ಬಿಡುತ್ತಿರಲಿಲ್ಲ. ಅವಳು ಬಾಗಿಲಿಗೆ ಗಾಡಿ ಅಡ್ಡ ನಿಲ್ಲಿಸಿಯೇ ಒಳಗೆ ಕಾಲಿಡುತ್ತಿದ್ದಳು.

"ದುಡ್ಡು ಮೊದಲೇ ಕಟ್ಟಿದ್ದಾನಲ್ಲ ಅಕ್ಕ, ವಸೂಲಿ ಮಾಡ್ಕೊಳ್ತಿದ್ದಾನೆ," ಎಂದ ಇಸ್ತ್ರಿಯಣ್ಣ, ಕೆಳಗಿನ ಲಾಂಡ್ರಿಯ ಹಬೆಯಲ್ಲಿ ಬೆಡ್‌ಶೀಟು ಕೊಡವುತ್ತ.

"ನಿನಗೆ ತಮಾಷೆ."

"ತಮಾಷೆ ಅಲ್ಲ. ಹೋದ ಸಲ ನಿನ್ನ ಜೊತೆ ಕೋಣೆ ಗುಡಿಸ್ತಿದ್ದ ಆ ಹುಡುಗಿ ಗತಿ ಏನಾಯ್ತು? ಅವಳು ಸಿಡುಕಿದಳು ಅಂತ, ಪೀಡಿಸ್ತಿದ್ದ ಆ ಪ್ರಯಾಣಿಕನೇ ಮೊದಲು ಹೋಗಿ ದೂರು ಕೊಟ್ಟ. ಮುಂದಿನ ಬಂದರಲ್ಲಿ ಗಂಟುಮೂಟೆ ಸಮೇತ ಇಳಿಸಿದ್ರು. ಇಲ್ಲಿ ಮೊದಲು ಬಾಯಿ ಬಿಟ್ಟವರದ್ದೇ ಸತ್ಯ ಅಕ್ಕ. ನೀನು ಬಾಯಿ ಬಿಡು."

ಅವಳು ಗಂಟುಮೂಟೆ ಕಟ್ಟುವ ಕಾಲವಲ್ಲ ಅದು. ಮಗಳು ಒಬ್ಬ ಹುಡುಗನನ್ನು ಮೆಚ್ಚಿದ್ದಳು. ಮನೆತನ ಒಳ್ಳೆಯದು, ಹುಡುಗ ಇನ್ನೂ ಒಳ್ಳೆಯವನು. ಹುಡುಗನ ಮನೆಯವರು ಹುಡುಗಿಯ ತಾಯಿಯನ್ನು ನೋಡದೆ ಮಾತು ಮುಂದುವರಿಸುವುದಿಲ್ಲ ಎಂದಿದ್ದರಂತೆ. ನಾನು ನೆಲಕ್ಕೆ ಕಾಲಿಡುವವರೆಗೆ ಕಾಯಲಿ ಎಂದು ಇವಳು ಹೇಳಿ ಕಳಿಸಿದ್ದಳು. ಗಂಡ ತೀರಿಕೊಂಡವಳಿಗೆ ಹೇಳಿಕೊಳ್ಳಲು ಇದ್ದದ್ದು ಈ ಕೆಲಸವೊಂದೇ. ಅದನ್ನೂ ಕಳೆದುಕೊಂಡು, ಯಾವನೋ ಪ್ರಯಾಣಿಕನ ದೆಸೆಯಿಂದ ಹೆಸರೂ ಕೆಡಿಸಿಕೊಂಡು ಹೋದರೆ, ಬೀಗರ ಮುಂದೆ ಯಾವ ಮುಖ ಹೊತ್ತು ಕೂರುವುದು?

ಮರುದಿನ ಬೆಳಿಗ್ಗೆ ಅವಳು ಮೆಟ್ಟಿಲಿಳಿಯುತ್ತಿದ್ದಾಗ ಆತ ಮೊಬೈಲು ಎತ್ತಿ ಫೋಟೊ ತೆಗೆದ. ಅವಳು ಗಕ್ಕನೆ ನಿಂತಳು.

"ಒಬ್ಬರಿಗೆ ಕಳಿಸಬೇಕಿತ್ತು, ತಪ್ಪು ತಿಳೀಬೇಡಿ," ಎಂದ. ಆಮೇಲೆ ದನಿ ತಗ್ಗಿಸಿ, "ಮಂಡಿ ನೋವು ಹೇಗಿದೆ ಈಗ?"

ಮಂಡಿ ನೋವಿನ ವಿಷಯ ಇಸ್ತ್ರಿಯಣ್ಣನಿಗೂ ಗೊತ್ತಿರಲಿಲ್ಲ. ಮೇಲಿನವರ ಕಿವಿಗೆ ಬಿದ್ದರೆ ಕೆಲಸಕ್ಕೇ ಸಂಚಕಾರ. ಸಿಬ್ಬಂದಿಯ ಮೆಟ್ಟಿಲಡಿ ನಿಂತು, ಫೋನಿನಲ್ಲಿ, ಮಗಳ ಹತ್ತಿರ ಮಾತ್ರ ಹೇಳಿಕೊಂಡಿದ್ದಳು. ಕದ್ದು ಕೇಳಿದ್ದಾನೆ. ಇನ್ನು ಏನೇನು ಕೇಳಿದ್ದಾನೋ.

ಗಾಡಿಯನ್ನು ಅಲ್ಲೇ ಬಿಟ್ಟು ಭದ್ರತಾ ಅಧಿಕಾರಿಯ ಕೋಣೆಗೆ ನಡೆದಳು.

ಅಧಿಕಾರಿ ಎಲ್ಲವನ್ನೂ ಕೇಳಿಸಿಕೊಂಡ. ಕುರ್ಚಿ, ಲೋಟ, ಫೋಟೊ, ಮಂಡಿ. "ಇಷ್ಟಕ್ಕೆಲ್ಲ ಏನೂ ಮಾಡೋಕಾಗಲ್ಲಮ್ಮ. ಮೈ ಕೈ ಮುಟ್ಟಿದ್ನಾ?"

ಅವಳು ತನ್ನ ಕೈಗಳನ್ನು ನೋಡಿಕೊಂಡಳು. ಸೋಪಿನ ನೀರಿಗೆ ಸುಲಿದುಹೋದ ಬೆರಳುಗಳು. ಬರಿಗೈಯಲ್ಲಿ ಎದ್ದು ಹೋದರೆ ಮುಂದಿನ ದೂರು ಅವನದ್ದೇ.

"ಹೂಂ. ಕೈ ಹಿಡಿದ."

ಹಿಡಿದಿರಲಿಲ್ಲ.

ಮಧ್ಯಾಹ್ನ ಹಡಗು ಬಂದರು ಸೇರಿತು. ಇಬ್ಬರು ಕಾವಲಿನವರು ಅವನ ಪೆಟ್ಟಿಗೆ ಹಿಡಿದು ಕಾರಿಡಾರಿನಲ್ಲಿ ನಡೆಸಿಕೊಂಡು ಬಂದರು. ಸುತ್ತಲಿನ ಕೋಣೆಗಳವರು ಬಾಗಿಲಿಗೆ ಬಂದು ನಿಂತಿದ್ದರು. ಅಧಿಕಾರಿ ಎಷ್ಟು ಕೇಳಿದರೂ ಆತ ಬಾಯಿ ಬಿಟ್ಟಿರಲಿಲ್ಲವಂತೆ. ಅವಳೆದುರು ಮಾತ್ರ ನಿಂತ.

"ನಾನು ನಿಮ್ಮ ಕೈ ಹಿಡಿದ್ನಾ?"

ಅವಳು ಟವೆಲ್ ಮಡಿಸಿದಳು.

"ಸರಿ," ಎಂದ ಆತ. "ನೋಡಿದ ಹಾಗಾಯ್ತು."

ಇಳಿದು ಹೋದ. ಮೆಟ್ಟಿಲ ಬಳಿ ನಿಂತಿದ್ದ ಇಸ್ತ್ರಿಯಣ್ಣ ಗೆದ್ದೆ ಎಂಬಂತೆ ಹೆಬ್ಬೆರಳು ಎತ್ತಿ ತೋರಿಸಿದ. ಅವಳಿಗೆ ಬೆಳಗಿನಿಂದ ಮೊದಲ ಸಲ ಉಸಿರು ಸಲೀಸಾಗಿ ಆಡಿತು. ಅಷ್ಟರಲ್ಲಿ ಜೇಬಿನಲ್ಲಿ ಫೋನು ಗುಂಯ್‌ಗುಟ್ಟಿತು. ಮಗಳು.

"ಅಮ್ಮಾ, ನಂಗೆ ಇನ್ನು ತಡೆಯೋಕಾಗಲ್ಲ, ಹೇಳಿಬಿಡ್ತೀನಿ. ಇವರಪ್ಪ ನಿನ್ನ ಹಡಗಲ್ಲೇ ಇದ್ದಾರೆ! ನೀನು ಇಳಿಯೋ ತನಕ ಯಾರು ಕಾಯ್ತಾರೆ, ನಾನೇ ಹೋಗಿ ಬೀಗಿತ್ತಿನ ನೋಡಿ, ಮಾತಾಡ್ಕೊಂಡು ಬರ್ತೀನಿ, ಯಾರೂ ಹೇಳಕೂಡದು ಅಂತ ಹಟ ಹಿಡಿದ್ರು. ಬೆಳಿಗ್ಗೆ ನಿನ್ನ ಫೋಟೊ ಕಳಿಸಿದ್ದಾರೆ, ಎಂಥ ಸಿಡುಕು ಮುಖ ಮಾರಾಯ್ತಿ ನಿಂದು! ನಿನ್ನ ಮಂಡಿ ನೋವು ನಾನೇ ಹೇಳಿದ್ದೆ, ಅದಕ್ಕೆ ಎಣ್ಣೆ ಬೇರೆ ತಂದಿದ್ದಾರೆ. ಟಿಪ್ಸನ್ನೂ ಮೊದಲೇ ಕಟ್ಟಿಬಿಟ್ರಂತೆ, ಬೀಗಿತ್ತಿ ಕೈಗೆ ಟಿಪ್ಸ್ ಹಾಕೋಕಾಗತ್ತಾ ಅಂತ. ಅಮ್ಮಾ? ಕೇಳಿಸ್ತಿದೆಯಾ? ಸಿಕ್ಕಿದ್ರಾ?"

ಕೆಲಸ ಉಳಿದಿತ್ತು. ಹೋದವರು ಇಬ್ಬರು: ಒಬ್ಬ ಬೀಗ, ಒಬ್ಬ ಅಳಿಯ. ಮೂರನೆಯವಳು ಏನೂ ತಿಳಿಯದೆ ಫೋನಿನಲ್ಲಿ ಇನ್ನೂ ನಗುತ್ತಿದ್ದಳು.