ಆ ಹೆಸರು ಕೂಗಬೇಡಿ

“ಇನ್ನೊಂದು ಸಲ ಮೇಜು ಗುದ್ದಿದ್ರೆ ಕುತ್ತಿಗೆ ಹಿಡಿದು ಹೊರಗೆ ಹಾಕಿಸ್ತೀನಿ,” ಎಂದಳು ದಾಖಲೆ ಪರಿಶೀಲಿಸುವ ಅಧಿಕಾರಿ.

ಎದುರಿಗೆ ಕೂತಿದ್ದ ವೆಲ್ಡರ್ ಮುಷ್ಟಿ ಬಿಚ್ಚಿದ. ಬೆರಳುಗಳ ತುಂಬ ಕಿಡಿ ಹಾರಿ ಸುಟ್ಟ ಕಲೆಗಳು. ಕುರ್ಚಿಯಿಂದ ಮಾತ್ರ ಅಲ್ಲಾಡಲಿಲ್ಲ.

ವೇದಿಕೆಯ ಹಿಂದಿನ ಕೋಣೆ ಅದು. ಗೋಡೆಗೆ ಜಡಿದಿದ್ದ ಸ್ಪೀಕರಿನಲ್ಲಿ ಸಭಾಂಗಣದ ಚಪ್ಪಾಳೆಯೆಲ್ಲ ಕೇಳುತ್ತಿತ್ತು. ಖಂಡದ ಅತ್ಯುತ್ತಮ ಫುಟ್‌ಬಾಲ್ ಆಟಗಾರರಿಗೆ ವರ್ಷಕ್ಕೊಮ್ಮೆ ಕೊಡುವ ಪ್ರಶಸ್ತಿಗಳು. ಗೋಲ್‌ಕೀಪರನದು ಮುಗಿದಿತ್ತು. ಶ್ರೇಷ್ಠ ತರಬೇತುದಾರ ಮೈಕು ಬಿಡಲೊಲ್ಲದೆ ಭಾಷಣ ಬಿಗಿಯುತ್ತಿದ್ದ. ಆಮೇಲಿನದು ಶ್ರೇಷ್ಠ ಯುವ ಆಟಗಾರನ ಪ್ರಶಸ್ತಿ, ಇಪ್ಪತ್ತಮೂರು ತುಂಬದವರಿಗೆ. ಗೆದ್ದವನು ಈ ವೆಲ್ಡರನ ಒಡಹುಟ್ಟಿದವನು. ಬೆಳಿಗ್ಗೆ ವೆಲ್ಡರ್ ತಂದುಕೊಟ್ಟ ದೂರಿನಲ್ಲಿ ಇದ್ದದ್ದು ಒಂದೇ ಸಾಲು: ‘ಆ ಹೆಸರು ಕೂಗಬೇಡಿ.’

ಇಂಥವರನ್ನು ಅವಳು ಹನ್ನೊಂದು ವರ್ಷದಿಂದ ಕಂಡಿದ್ದಳು. ಪ್ರಶಸ್ತಿ ಹತ್ತಿರ ಬಂದರೆ ಸಾಕು, ಹಳೆಯ ಕೋಚು, ಮುನಿದ ಗೆಳತಿ, ಎಲ್ಲೋ ಇದ್ದ ಚಿಕ್ಕಪ್ಪ, ಎಲ್ಲರಿಗೂ ಒಟ್ಟಿಗೇ ನ್ಯಾಯ ನೆನಪಾಗಿಬಿಡುತ್ತದೆ. ಹಾಗಂತ ಉಡಾಫೆ ಮಾಡುವಂತಿರಲಿಲ್ಲ. ದಾಖಲೆ ಸರಿಯಿದೆ ಎಂದು ಸಹಿ ಹಾಕುವವಳು ಅವಳು. ಮೋಸಗಾರ ವೇದಿಕೆ ಹತ್ತಿದರೆ ಹೋಗುವುದು ಅವಳ ಕೆಲಸ. ಯೋಗ್ಯನನ್ನು ತಡೆದರೆ ಹಾಳಾಗುವುದು ಒಬ್ಬನ ಬಾಳು. ಮಧ್ಯಾಹ್ನವೆಲ್ಲ ಫೋನಿಗೆ ಅಂಟಿಕೊಂಡು ವಿಚಾರಿಸಿದ್ದಳು.

“ಜನನ ಪ್ರಮಾಣಪತ್ರ ಅಸಲಿ. ಆಸ್ಪತ್ರೆಯ ರಿಜಿಸ್ಟರೂ ತೆಗೆಸಿ ನೋಡಿದ್ದಾಯ್ತು. ಇಪ್ಪತ್ತೆರಡು ವರ್ಷ, ನಾಲ್ಕು ತಿಂಗಳು. ಇನ್ನೇನು ಬೇಕ್ರೀ ನಿಮಗೆ?”

“ಕಾಗದದಲ್ಲಿ ಒಂದಕ್ಷರ ಸುಳ್ಳಿಲ್ಲ, ಮೇಡಂ. ನಾನೂ ಅದನ್ನೇ ಹೇಳ್ತೀನಿ.”

“ಮತ್ತೆ ಯಾಕೀ ತಕರಾರು?”

“ಇಷ್ಟು ಜನರ ಮುಂದೆ ಕೂಗಿಬಿಟ್ರೆ ಅದು ಅವನದೇ ಆಗೋಗುತ್ತೆ.”

“ಅವನದಾಗದೆ ನಿಮ್ಮದಾಗಬೇಕಿತ್ತಾ?” ಎಂದು ಅವಳು ಕುಟುಕಿದಳು.

ವೆಲ್ಡರನ ಗುರುತಿನ ಚೀಟಿ ಮೇಜಿನ ಮೇಲಿತ್ತು. ವಯಸ್ಸು ಇಪ್ಪತ್ತೇಳು. ಮೀಸೆಯೇನೋ ಇನ್ನೂ ಚಿಗುರುವ ಸಾಹಸದಲ್ಲೇ ಇತ್ತು, ಸಿಡುಕು ಮಾತ್ರ ಬಲಿತಿತ್ತು.

“ಈ ವೆಲ್ಡಿಂಗ್ ಕೆಲಸ ಬಿಟ್ಟು ಬೇರೇನೂ ಮಾಡಲಿಲ್ವಾ?”

“ಅಗ್ನಿಶಾಮಕ ದಳಕ್ಕೆ ಎರಡು ಸಲ ಅರ್ಜಿ ಹಾಕ್ದೆ. ಇಪ್ಪತ್ತೈದು ದಾಟಿದವರು ಬೇಡವಂತೆ. ಚೀಟಿ ನೋಡಿ ಬಾಗಿಲಿಂದಲೇ ಅಟ್ಟಿದ್ರು.”

“ಅದಕ್ಕೇ ತಮ್ಮನ ಏಳಿಗೆ ಕಂಡು ಹೊಟ್ಟೆ ಉರೀತಿದೆ.”

“ಉರೀತಿದೆ, ಮೇಡಂ. ಹತ್ತು ವರ್ಷದಿಂದ ಉರೀತಿದೆ.”

ಅಬ್ಬಾ, ಎಂಥ ಭಂಡ! ಅವಳಿಗೆ ರೇಗಿಹೋಯಿತು. ತನ್ನ ತಮ್ಮ ಓದಲಿ ಎಂದು ತಾನು ಕಾಲೇಜು ಬಿಟ್ಟವಳು ಅವಳು. ಆ ನೋವು ಇನ್ನೂ ಇತ್ತು, ಆದರೆ ಯಾರ ಬಾಗಿಲಿಗೂ ದೂರು ಹಿಡಿದು ಹೋಗಿರಲಿಲ್ಲ.

“ಮನೇಲಿ ದೊಡ್ಡವರು ಅಂತ ಅನ್ನಿಸಿಕೊಂಡ ಮೇಲೆ ಚಿಕ್ಕವರಿಗೆ ಬಿಟ್ಟುಕೊಡಬೇಕು ಕಣ್ರೀ.”

ವೆಲ್ಡರ್ ಮೊದಲ ಸಲ ನಕ್ಕ. ನೋಡಲು ಚೆನ್ನಾಗಿರದ ನಗು. “ಈ ಮಾತನ್ನ ಅವನ ಮುಂದೆ ಹೇಳ್ತೀರಾ?”

“ನೀವು ಇಲ್ಲಿಗೆ ಬಂದಿರೋದು ನಿಮ್ಮಮ್ಮನಿಗೆ ಗೊತ್ತಾ?”

“ಅಮ್ಮನಿಗೆ ಎಲ್ಲಾ ಗೊತ್ತು. ಮುಂದಿನ ಸಾಲಲ್ಲಿ ಕೂತಿದ್ದಾಳೆ. ನನ್ನ ಬಾಯಿಂದ ಏನೂ ಬರಲ್ಲ ಅಂತ ಅವಳಿಗೆ ಮಾತು ಕೊಟ್ಟಿದ್ದೀನಿ. ಅವನನ್ನ ಕರೆಸಿ. ಅವನೇ ಹೇಳ್ಲಿ.”

ಅವಳು ಕರೆಸಿದಳು. ಬೇಗ ಮುಗಿದರೆ ಸಾಕಿತ್ತು.

ಆಟಗಾರ ಕಪ್ಪು ಸೂಟಿನಲ್ಲಿ ಬಂದ. ಹಣೆಯ ಮೇಲಿನ ಕೂದಲು ಆಗಲೇ ಹಿಂದೆ ಸರಿದಿತ್ತು, ಕಣ್ಣಿನ ಅಂಚಿನಲ್ಲಿ ಗೆರೆಗಳು. ಪಾಪ, ವರ್ಷವಿಡೀ ಬಿಸಿಲಲ್ಲಿ ಓಡುವ ಹುಡುಗ ಎಂದುಕೊಂಡಳು ಅಧಿಕಾರಿ. ವೆಲ್ಡರನನ್ನು ಕಂಡದ್ದೇ ಆಟಗಾರನ ಕಾಲು ಬಾಗಿಲಲ್ಲೇ ನಿಂತಿತು.

“ಇವರು ನಿಮ್ಮ ಹೆಸರು ಕೂಗಬಾರದು ಅಂತಿದ್ದಾರೆ. ನೀವೇನಾದ್ರೂ ಹೇಳೋದಿದೆಯಾ?”

“ಹೇಳೋದೇನು ಮೇಡಂ, ನಮ್ಮಣ್ಣನಿಗೆ ತಲೆ ನೆಟ್ಟಗಿಲ್ಲ.” ಮಾತು ಬಾಯಿಪಾಠದಂತೆ ಬಂತು. “ಏನೇನೋ ಕಲ್ಪಿಸಿಕೊಳ್ತಾನೆ. ಮನೇಲೆಲ್ಲ ಗೊತ್ತಿರೋದೇ.”

ವೆಲ್ಡರ್ ಎದ್ದು ನಿಂತ. “ಇನ್ನೊಂದ್ಸಲ ಅನ್ನು. ನನ್ನ ಕಣ್ಣು ನೋಡ್ಕೊಂಡು ಅನ್ನು.”

ಆಟಗಾರ ಅವಳ ಕಡೆಗೇ ನೋಡುತ್ತಿದ್ದ. “ಮಾತ್ರೆ ತಪ್ಪಿಸಿದಾಗ ಹೀಗೆ ಆಡ್ತಾನೆ.”

“ಮಾತ್ರೆಯಾ? ಯಾವ ಮಾತ್ರೆಯೋ, ನೀಚ!” ವೆಲ್ಡರ್ ಮೇಜು ದಾಟಿ ನುಗ್ಗಿದ. ಸೂಟಿನ ಕಾಲರು ಕೈಗೆ ಸಿಕ್ಕಿತು. ಅವಳು ಕೂಗಿಕೊಂಡಳು. ಕಾವಲುಗಾರ ಒಳಗೆ ಬಂದವನೇ ವೆಲ್ಡರನ ಎರಡೂ ಕೈಗಳನ್ನು ಬೆನ್ನಿಗೆ ತಿರುಚಿದ.

ಸಾಕಾಗಿತ್ತು ಅವಳಿಗೆ. ದೂರಿನ ಮೇಲೆ ‘ಹುರುಳಿಲ್ಲ’ ಎಂದು ಬರೆದು ಸಹಿ ಗೀಚಿದಳು. ಫೋನೆತ್ತಿ ವೇದಿಕೆಗೆ ಹೇಳಿದಳು: “ಕೂಗಿ.”

ಸ್ಪೀಕರಿನಲ್ಲಿ ಡೋಲು ಮೊರೆಯಿತು. ನಿರೂಪಕ ಉಸಿರೆಳೆದುಕೊಂಡು ಹೆಸರು ಕೂಗಿದ. ಸಭಾಂಗಣ ಕಿತ್ತುಹೋಗುವಂತೆ ಚಪ್ಪಾಳೆ.

ವೆಲ್ಡರನ ತಲೆ ತಟ್ಟನೆ ಸ್ಪೀಕರಿನತ್ತ ತಿರುಗಿತು. ಆಟಗಾರ ಇನ್ನೂ ಕಾಲರು ಸರಿಮಾಡಿಕೊಳ್ಳುತ್ತಿದ್ದ.

“ಹೋಗಿ ಸರ್, ನಿಮ್ಮನ್ನೇ ಕರೀತಿರೋದು,” ಎಂದು ಅವಳು ಅವಸರಪಡಿಸಿದಳು. ಆಟಗಾರ ಹೆಜ್ಜೆ ಎತ್ತಲಿಲ್ಲ. ಕಾವಲುಗಾರನ ಹಿಡಿತದಲ್ಲಿ ವೆಲ್ಡರ್ ಒದ್ದಾಡುವುದನ್ನು ನಿಲ್ಲಿಸಿದ್ದ. ಕಣ್ಣು ತುಂಬಿ ಬಂದಿತ್ತು, ಒರೆಸಿಕೊಳ್ಳಲು ಕೈ ಇರಲಿಲ್ಲ.

“ಹೋಗಣ್ಣಾ,” ಎಂದ ವೆಲ್ಡರ್, “ನನ್ನ ಹೆಸರು ಕೂಗ್ತಿದ್ದಾರೆ.”